ಪಾಳಿ ಹಚ್ಚಿಸಿದವನು: ವಿಜಯಪುರದ ಒಂದು ಪ್ರಕರಣ

2017ರ ಮಳೆಗಾಲ. ದರ್ಗಾ ಜೈಲಿನ ಭೇಟಿ ಕೋಣೆಯಲ್ಲಿ ಎದುರು ಕೂತವನು ತಾನು ನಿರಪರಾಧಿ ಎಂದು ಹೇಳಲಿಲ್ಲ, ಜಾಮೀನು ಯಾವಾಗ ಆಗುತ್ತದೆ ಎಂದೂ ಕೇಳಲಿಲ್ಲ. ಅವನ ಮೊದಲ ಪ್ರಶ್ನೆ ಹೀಗಿತ್ತು: "ವಕೀಲ್ರ, ನನ್ನ ಮ್ಯಾಲ ಒಟ್ಟ ಎಷ್ಟ ಕೇಸ್ ಅದಾವ್ರಿ?"

ಐದು ಇರಬಹುದು ಅಂತ ಅವನ ಲೆಕ್ಕ. ಹುಡುಕಿದಾಗ ಎಂಟು ಸಿಕ್ಕವು. ಮೂರು ಹೊಡೆದಾಟದ್ದು, ಒಂದು ಸುಲಿಗೆಯದು, ಹುಟ್ಟುಹಬ್ಬದ ಕೇಕನ್ನು ತಲವಾರಿನಿಂದ ಕೊಯ್ದಿದ್ದಕ್ಕೆ ಆಯುಧ ಕಾಯ್ದೆಯದು ಒಂದು, ಜೂಜಿನದು ಒಂದು, ಒಳ್ಳೆಯ ನಡತೆಯ ಮುಚ್ಚಳಿಕೆ ಮುರಿದದ್ದು ಒಂದು, ಮತ್ತು ಅವನನ್ನು ಒಳಗೆ ಕೂಡಿಸಿದ್ದ, ಆಗಿನ ಭಾರತೀಯ ದಂಡ ಸಂಹಿತೆಯ (ಐಪಿಸಿ) 307, ಅಂದರೆ ಕೊಲೆ ಯತ್ನ. ವಿಜಯಪುರದ ಒಂದು ಭಾಗದಲ್ಲಿ ಅವನ ಹೆಸರು ಹೇಳಿದರೆ ಅಂಗಡಿಯವರು ಶಟರ್ ಅರ್ಧಕ್ಕೆ ಎಳೆಯುತ್ತಿದ್ದ ಕಾಲವದು. ಅಂಥವನಿಗೆ ತನ್ನ ಮೇಲಿನ ಕೇಸುಗಳ ಲೆಕ್ಕವೇ ಗೊತ್ತಿರಲಿಲ್ಲ. ಈ ಬರಹದಲ್ಲಿ ಉಳಿದದ್ದನ್ನು ಮರೆತರೂ ಇದೊಂದನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಕೈದಿಗಳಿಗೆ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಆ ನೆರವು ಕೊಡುವ ವಕೀಲರ ಪಟ್ಟಿಯಲ್ಲಿದ್ದವನಾಗಿ ನಾನು ಅವನ ಬಳಿ ಹೋಗಿದ್ದೆ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಅವನನ್ನು ಪರಸು ಎನ್ನುತ್ತೇನೆ, ಅವನ ಗುಂಪನ್ನು 'ಪಾಳಿ' (ನಮ್ಮ ಕಡೆ ಸರದಿಯ ಸಾಲಿಗೆ ಹೀಗನ್ನುತ್ತಾರೆ) ಎನ್ನುತ್ತೇನೆ. ಎರಡೂ ನಿಜ ಹೆಸರಲ್ಲ. ಓಣಿ, ಜಾತಿ, ಮನೆತನ ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಾರದೆಂದು ಬೇರೆ ಕಕ್ಷಿದಾರರ ಬದುಕಿನ ಕೆಲವು ವಿವರಗಳನ್ನೂ ಇದರಲ್ಲಿ ಬೆರೆಸಿದ್ದೇನೆ. ಪತ್ರಿಕೆಯವರು ನಮ್ಮ ಜಿಲ್ಲೆಯ ಯಾವ ಹೊಡೆದಾಟಕ್ಕೂ 'ಭೀಮಾ ತೀರ' ಎಂದು ತಲೆಬರಹ ಕೊಟ್ಟುಬಿಡುತ್ತಾರೆ. ಇದು ಭೀಮಾ ತೀರದ ಕಥೆಯಲ್ಲ. ಇಲ್ಲಿ ಹೊಲದ ದ್ವೇಷವಿಲ್ಲ, ತಲೆಮಾರಿನ ಹಗೆಯಿಲ್ಲ, ನಾಡ ಪಿಸ್ತೂಲೂ ಇಲ್ಲ. ಶುರುವಾದದ್ದು ಒಂದು ನಳದ ಮುಂದೆ.

ನಳ

2001ರಿಂದ 2003ರ ತನಕ ಕರ್ನಾಟಕದಲ್ಲಿ ಸಾಲಾಗಿ ಬರ ಬಿತ್ತು. ವಿಜಯಪುರದ ನೀರಿನ ಪಾಡು ಬರವಿಲ್ಲದ ವರ್ಷದಲ್ಲೂ ಹೇಳುವಂಥದ್ದಾಗಿರಲಿಲ್ಲ. ಭೂತನಾಳ ಕೆರೆಯಿಂದ ಸ್ವಲ್ಪ, ಕೊಲ್ಹಾರದಿಂದ ಕೃಷ್ಣೆಯ ನೀರು ಸ್ವಲ್ಪ. ನಳಕ್ಕೆ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ. ಬಂದರೂ ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ನಾಲ್ಕುನೂರು ವರ್ಷದ ಹಿಂದೆ ತೊರವಿಯಿಂದ, ಬೇಗಂ ತಲಾಬಿನಿಂದ ನೆಲದೊಳಗೆ ನೀರು ಹರಿಸಿ, ಓಣಿಗೊಂದು ಗಂಜ್, ಅಂದರೆ ನೀರಿನ ಗೋಪುರ, ಕಟ್ಟಿ, ತಾಜ್ ಬಾವಡಿಯಂಥ ಬಾವಿ ತೋಡಿದ ಊರಿದು. ಅದೇ ಊರಿನಲ್ಲಿ ಹೆಂಗಸರು ರಾತ್ರಿ ಎರಡಕ್ಕೆ ಕೊಡ ಹಿಡಿದು ಕೂಡುತ್ತಿದ್ದರು.

ಪರಸುವಿಗೆ ಆಗ ಹದಿಮೂರು. ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಅವ್ವ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ರೊಟ್ಟಿ ಬಡಿಯುವವರಿಗೆ ನೀರು ತಪ್ಪಿದರೆ ಆ ದಿನದ ದುಡಿಮೆಯೇ ತಪ್ಪಿದಂತೆ. ಹೀಗಾಗಿ ನಳ ಕಾಯುವ ಕೆಲಸ ಹುಡುಗನ ಪಾಲಿಗೆ ಬಂತು. ಅಲ್ಲಿ ದಿನಾ ಜಗಳ. ಗಟ್ಟಿ ಇದ್ದವರು ಹತ್ತು ಕೊಡ ತುಂಬಿಕೊಂಡು ಹೋಗುತ್ತಿದ್ದರು, ಒಬ್ಬಂಟಿ ಮುದುಕಿಯರು ಖಾಲಿ ಕೈಲಿ ಮರಳುತ್ತಿದ್ದರು.

ಪರಸು ಒಂದು ನೇಮ ಮಾಡಿದ. ಮೊದಲ ಸುತ್ತಿನಲ್ಲಿ ಮನೆಗೆ ನಾಲ್ಕೇ ಕೊಡ. ಎಲ್ಲರದೂ ಆದ ಮೇಲೆ ಎರಡನೆಯ ಸುತ್ತು. ಕೊಡಗಳನ್ನು ಸಾಲಾಗಿ ಇಡಬೇಕು, ಇಟ್ಟ ಮೇಲೆ ಯಾರೂ ಸರಿಸಬಾರದು. ಇದನ್ನು ನೋಡಿಕೊಳ್ಳಲು ತನ್ನ ವಯಸ್ಸಿನ ಐದಾರು ಹುಡುಗರನ್ನು ನಿಲ್ಲಿಸಿದ. ಓಣಿಯ ಹೆಂಗಸರು ಅವರನ್ನು 'ಪಾಳಿ ಹಚ್ಚಸೋ ಹುಡುಗ್ರು' ಅನ್ನತೊಡಗಿದರು.

ನೇಮ ನ್ಯಾಯದ್ದೇ ಆಗಿತ್ತು. ನಾನು ಮಾತಾಡಿಸಿದ ಮೂವರು ಹೆಂಗಸರು, ಈಗ ಅವರಿಗೆ ಅರವತ್ತರ ಆಸುಪಾಸು, ಇವತ್ತಿಗೂ ಆ ಎರಡು ವರ್ಷವನ್ನು ಹೊಗಳುತ್ತಾರೆ. ರೌಡಿ ಗುಂಪು ಹುಟ್ಟುವುದೇ ಕೆಡುಕು ಮಾಡುವ ಆಸೆಯಿಂದ ಎಂದು ನಂಬಿದವರು ಈ ಹೆಂಗಸರ ಮಾತು ಕೇಳಬೇಕು. ಅಧಿಕಾರ ಇರಬೇಕಾದ ಕಡೆ ಯಾರೂ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಒಬ್ಬ ಹುಡುಗ ಹೋಗಿ ನಿಂತ. ನಗರಸಭೆಯ ವಾಲ್ವ್‌ಮನ್ ಕೂಡ ಯಾವತ್ತು ನೀರು ಬಿಡುತ್ತೇನೆಂದು ಮೊದಲು ಅವನಿಗೇ ಹೇಳುತ್ತಿದ್ದನಂತೆ.

ಆಮೇಲೆ ದಂಡ ಬಂತು. ಪಾಳಿ ಮುರಿದವರ ಕೊಡಕ್ಕೆ ಒದೆ. ಒದ್ದದ್ದಕ್ಕೆ ಬೈದವನಿಗೆ ಏಟು. ನೇಮದಿಂದ ಏಟಿಗೆ ಬರಲು ಎಷ್ಟು ದಿನ ಹಿಡಿಯಿತು ಎಂದು ಕೇಳಿದ್ದೆ. "ಎರಡ ತಿಂಗಳ ಆಗಿರಬೇಕ್ರಿ" ಅಂದ. ಸ್ವಲ್ಪ ತಡೆದು, "ಮೊದಲನೇ ಸಲ ಹೊಡದಾಗ ಎಲ್ಲಾರೂ ಛಲೋ ಮಾಡಿದಿ ಅಂದ್ರು" ಎಂದು ಸೇರಿಸಿದ.

ಇಪ್ಪತ್ತು ರೂಪಾಯಿ

ಈ ಪ್ರಕರಣದ ಮೊದಲ ತಿರುವು ಯಾವುದು ಎಂದು ಕೇಳಿದರೆ ಪೊಲೀಸ್ ಕಡತ 2007ರ ಜನವರಿಯನ್ನು ತೋರಿಸುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯಲ್ಲಿ ಇನ್ನೊಂದು ಓಣಿಯ ಹುಡುಗರೊಡನೆ ಹೊಡೆದಾಟವಾಗಿ ಒಬ್ಬನ ತಲೆ ಒಡೆದ ದಿನ ಅದು. ಹದಿನೆಂಟು ತುಂಬಿರದ ಪರಸು ವೀಕ್ಷಣಾಲಯ ಕಂಡು ಬಂದ. ಶಾಲೆ ಒಂಬತ್ತನೆಯದಕ್ಕೇ ನಿಂತಿತ್ತು.

ನನ್ನ ಲೆಕ್ಕದಲ್ಲಿ ತಿರುವು ಅದಕ್ಕೂ ಮೊದಲೇ ಆಗಿತ್ತು, ಒಂದು ಖಾಸಗಿ ಟ್ಯಾಂಕರಿನ ಡ್ರೈವರ್ ಇಪ್ಪತ್ತು ರೂಪಾಯಿ ಕೊಟ್ಟ ದಿನ. ಬರದಲ್ಲಿ ಟ್ಯಾಂಕರ್ ಬಂದರೆ ಜನ ಮುಗಿಬೀಳುತ್ತಿದ್ದರು, ಪೈಪು ಹರಿಯುತ್ತಿತ್ತು, ಗಾಜು ಒಡೆಯುತ್ತಿತ್ತು. "ಗದ್ದಲ ಆಗದಂಗ ನೋಡ್ಕೋ" ಎಂದು ಹೇಳಿ ಡ್ರೈವರ್ ನೋಟು ಕೈಗಿಟ್ಟ. ಅಲ್ಲಿಯವರೆಗೆ ಪಾಳಿ ಕಾಯುವ ಹುಡುಗ ಪಾಳಿಯಲ್ಲಿ ನಿಂತವರ ಕಡೆಯವನಾಗಿದ್ದ. ಅವತ್ತಿನಿಂದ ಟ್ಯಾಂಕರಿನ ಕಡೆಯವನಾದ. ಮುಂದಿನ ಬೇಸಿಗೆಯ ಹೊತ್ತಿಗೆ ಆ ಡ್ರೈವರಿನ ಟ್ಯಾಂಕರ್ ಬಿಟ್ಟು ಬೇರೆಯದು ಓಣಿಗೆ ಬರದಂತೆ ನೋಡಿಕೊಳ್ಳುವ ಕೆಲಸವೂ ಸಿಕ್ಕಿತು.

ಅಲ್ಲಿಂದ ಮುಂದಿನದು ಸಾಮಾನ್ಯ ದಾರಿ, ಬೇಗ ದಾಟುತ್ತೇನೆ. ಗಣಪತಿ ವರ್ಗಣಿ. ಖಾಲಿ ಪ್ಲಾಟಿನಲ್ಲಿ ಬೇಲಿ ಕಿತ್ತುಹಾಕುವ, ಬಾಡಿಗೆದಾರರನ್ನು ಎಬ್ಬಿಸುವ ಗುತ್ತಿಗೆ. ಆಮೇಲೆ ಮೀಟರ್ ಬಡ್ಡಿಯ ವಸೂಲಿ. ತಿಂಗಳಿಗೆ ನೂರಕ್ಕೆ ಹತ್ತರಂತೆ ಬಡ್ಡಿ ಎಣಿಸುವ ಸಾಲಿಗರಿಗೆ ಹುಡುಗರು ಬೇಕಿತ್ತು, ಹುಡುಗರಿಗೆ ಪೆಟ್ರೋಲಿಗೆ ರೊಕ್ಕ ಬೇಕಿತ್ತು. ವಿಪರೀತ ಬಡ್ಡಿಯನ್ನು ನಿಷೇಧಿಸಿ ಕರ್ನಾಟಕ 2004ರಲ್ಲೇ ಕಾಯ್ದೆ ಮಾಡಿದೆ. ಸಾಲ ಪಡೆದವರಲ್ಲಿ ಆ ಕಾಯ್ದೆಯ ಹೆಸರು ಕೇಳಿದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ. 2012ರಲ್ಲಿ ಪರಸುವಿನ ಮೇಲೆ ರೌಡಿ ಶೀಟ್ ತೆರೆಯಿತು. ಆಗ ಗುಂಪಿನಲ್ಲಿ ಮೂವತ್ತಕ್ಕೂ ಹೆಚ್ಚು ಹುಡುಗರು. ಬೈಕುಗಳ ನಂಬರ್ ಪ್ಲೇಟಿನ ಮೇಲೆ, ಗಣಪತಿ ಪೆಂಡಾಲಿನ ಬ್ಯಾನರಿನ ಮೇಲೆ, ಒಬ್ಬಿಬ್ಬರ ಮುಂಗೈ ಮೇಲೆ ಗುಂಪಿನ ಹೆಸರು ಬಂದಿತ್ತು.

ಈ ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಸುಧಾರಿಸಲು ಮಾಡಿದ್ದು

ಅವನನ್ನು ದಾರಿಗೆ ತರಲು ಯಾರೂ ಏನೂ ಮಾಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯವರು 2014ರಲ್ಲಿ ಮದುವೆ ಮಾಡಿದರು. "ಕಾಲಿಗೆ ಗುಂಡ ಕಟ್ಟಿದ್ರ ಮನ್ಯಾಗ ನಿಲ್ತಾನ" ಎಂಬ ನಂಬಿಕೆ ನಮ್ಮ ಕಡೆ ಎಷ್ಟು ಗಟ್ಟಿ ಎಂದರೆ, ಹುಡುಗನ ರೋಗಕ್ಕೆ ಹುಡುಗಿಯನ್ನು ಔಷಧದಂತೆ ಬರೆದುಕೊಡುತ್ತೇವೆ. ಔಷಧಕ್ಕೆ ಏನಾಯಿತು ಎಂದು ಯಾರೂ ವಿಚಾರಿಸುವುದಿಲ್ಲ. ಅವನ ಹೆಂಡತಿ ಮೊದಲ ಮಗುವನ್ನು ಹೆತ್ತು ಮೂರು ತಿಂಗಳಾಗಿತ್ತು, ಪೊಲೀಸರು ನಸುಕಿನಲ್ಲಿ ಬಾಗಿಲು ಬಡಿದರು. ಅದು 2016ರ 307 ಪ್ರಕರಣ. ವಸೂಲಿಗೆ ಹೋದಲ್ಲಿ ಸಾಲಗಾರನ ತಮ್ಮನ ಕೈ ಮೇಲೆ ಮಚ್ಚು ಬಿದ್ದು ಎರಡು ಬೆರಳು ಹೋಗಿದ್ದವು. ಹನ್ನೊಂದು ತಿಂಗಳು ದರ್ಗಾ ಜೈಲಿನಲ್ಲಿ ಕೂತ ಮೇಲೆ ಜಾಮೀನು ಸಿಕ್ಕಿತು.

ಪೊಲೀಸರು ಕಾನೂನಿನಲ್ಲಿದ್ದದ್ದನ್ನೆಲ್ಲ ಮಾಡಿದರು. ಪ್ರತಿ ಗಣಪತಿ ಹಬ್ಬಕ್ಕೆ, ಪ್ರತಿ ಚುನಾವಣೆಗೆ ದಂಡ ಪ್ರಕ್ರಿಯಾ ಸಂಹಿತೆಯ 107 ಇಲ್ಲವೇ 110ರ ಕೆಳಗೆ ಮುಚ್ಚಳಿಕೆ, ಠಾಣೆಯ ಅಂಗಳದಲ್ಲಿ ರೌಡಿ ಪರೇಡು. 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಮುಂಚೆ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 55ನೇ ಕಲಮಿನಡಿ ಆರು ತಿಂಗಳ ಗಡಿಪಾರು.

ಗಡಿಪಾರಿನ ಪರಿಣಾಮವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಕಾನೂನು ಬರೆದವರಿಗೂ ಅದರ ಅಂದಾಜು ಇದ್ದಂತಿಲ್ಲ. ಆದೇಶ ಬಂದ ರಾತ್ರಿಯೇ ಹುಡುಗರ ಮೊಬೈಲಿನಲ್ಲಿ ಸ್ಟೇಟಸ್ ಓಡಿತು: ಅವನ ಫೋಟೊ, ಹಿಂದೆ ಡೊಳ್ಳಿನ ಸದ್ದು, ಕೆಳಗೆ 'ಗಡಿಪಾರ್ ಅಣ್ಣ'. ರೌಡಿ ಶೀಟ್ ಎಂದರೆ ಠಾಣೆಯೊಳಗಿನ ಗುಟ್ಟಿನ ಕಾಗದ. ಗಡಿಪಾರು ಎಂದರೆ ಸರಕಾರವೇ ಸಹಿ ಮಾಡಿ ಕೊಟ್ಟ ಪ್ರಮಾಣಪತ್ರ, ಇವನು ಜಿಲ್ಲೆಗೇ ಭಾರ ಎಂದು. ಮತ್ತೊಂದು ಪರಿಣಾಮವೂ ಇತ್ತು. ಅವನು ಊರಲ್ಲಿ ಇಲ್ಲದ ಆರು ತಿಂಗಳಲ್ಲಿ ಗುಂಪು ಕರಗಲಿಲ್ಲ. ಅವನಿಲ್ಲದೆ ನಡೆಯುವುದನ್ನು ಕಲಿಯಿತು.

ಊರಿನ ದೊಡ್ಡವರೂ ಒಂದು ಕೈ ನೋಡಿದರು. ಜಯಂತಿಯೊಂದರ ಉತ್ಸವ ಸಮಿತಿಯಲ್ಲಿ ಅವನಿಗೆ ಹುದ್ದೆ ಕೊಟ್ಟರು, 'ಜವಾಬ್ದಾರಿ ಬಂದ್ರ ಸರಿ ಹೋಗ್ತಾನ' ಎಂದು. ಜವಾಬ್ದಾರಿ ಬರಲಿಲ್ಲ, ಫ್ಲೆಕ್ಸಿನ ಮೇಲೆ ಫೋಟೊ ಬಂತು. ಮೆರವಣಿಗೆಗೆ ಹುಡುಗರು ಬೇಕಿದ್ದವರಿಗೆ ಹುಡುಗರು ಸಿಕ್ಕರು.

ಅವನ ಸ್ವಂತ ಪ್ರಯತ್ನವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗಡಿಪಾರು ಮುಗಿದ ಮೇಲೆ ಹೆಂಡತಿ, ಮಗುವಿನೊಡನೆ ಗೋವಾಕ್ಕೆ ಹೋದ. ಬರ ಬಿದ್ದಾಗಲೆಲ್ಲ ನಮ್ಮ ಜಿಲ್ಲೆಯ ಜನ ಹಿಡಿಯುವ ದಾರಿಯೇ ಅದು. ವೆಲ್ಡಿಂಗ್ ಕಲಿತ. ಆರೇಳು ತಿಂಗಳು ನೆಟ್ಟಗೆ ದುಡಿದ. ಆಮೇಲೆ ಒಂದು ದಿನ ಪೊಲೀಸರು ಅಲ್ಲಿಂದಲೇ ಹಿಡಿದು ತಂದರು. ಹೊಸ ಅಪರಾಧವೇನೂ ಇರಲಿಲ್ಲ. ಹಳೆಯ ಹೊಡೆದಾಟದ ಕೇಸಿನಲ್ಲಿ ಮೂರು ತಾರೀಖಿಗೆ ಗೈರು, ಜಾಮೀನುರಹಿತ ವಾರಂಟ್.

ಆಗ ಆ ಮೊದಲ ಪ್ರಶ್ನೆ ನನಗೆ ಅರ್ಥವಾಯಿತು, ಎರಡು ವರ್ಷ ತಡವಾಗಿ. ಎಂಟು ಕೇಸು ಇದ್ದವನಿಗೆ ತಿಂಗಳಿಗೆ ನಾಲ್ಕೈದು ತಾರೀಖು. ಒಂದೊಂದು ಕೇಸಿಗೆ ಒಬ್ಬೊಬ್ಬ ವಕೀಲ, ಅವರಲ್ಲಿ ಇಬ್ಬರಿಗೆ ಫೀಸು ಮುಟ್ಟದೆ ವಕಾಲತ್ತು ಬಿಟ್ಟಿದ್ದರು. ಯಾವ ಮಾಲೀಕ ತಿಂಗಳಿಗೆ ಐದು ದಿನ ರಜೆ ಕೊಟ್ಟಾನು? ತಾರೀಖಿಗೆ ಬಂದರೆ ಕೆಲಸ ಹೋಗುತ್ತದೆ, ಬರದಿದ್ದರೆ ವಾರಂಟ್. ವಾರಂಟಿನಲ್ಲಿ ಒಳಗೆ ಹೋದರೆ ಜಾಮೀನಿಗೆ ರೊಕ್ಕ ಬೇಕು, ಶೂರಿಟಿ ಬೇಕು. ಕೋರ್ಟಿನ ಕಟ್ಟೆಯ ಮೇಲೆ ಶೂರಿಟಿ ಹಿಡಿದು ಕಾಯುತ್ತಿದ್ದವರು ಅದೇ ಗುಂಪಿನ ಹುಡುಗರು, ಬಡ್ಡಿಗೆ ರೊಕ್ಕ ಹಾಕಿದವನು ಅದೇ ಸಾಲಿಗ. ಗುಂಪು ಬಿಟ್ಟು ಬದುಕು ಎಂದು ಬುದ್ಧಿ ಹೇಳುತ್ತಿದ್ದ ನಾವೆಲ್ಲ, ನಾನೂ ಸೇರಿ, ಅವನನ್ನು ತಿಂಗಳಿಗೆ ನಾಲ್ಕು ಬಾರಿ ಗುಂಪಿನ ಕೈಗೆ ಒಪ್ಪಿಸುತ್ತಿದ್ದೆವು.

ಮುಖ ನೋಡದ ಹುಡುಗ

2019ರ ಬೇಸಿಗೆ. ವಾರಂಟ್ ರದ್ದಾಗಿ ಪರಸು ಹೊರಗಿದ್ದ, ಗೋವಾಕ್ಕೆ ಮರಳುವ ತಯಾರಿಯಲ್ಲಿದ್ದ. ಟ್ಯಾಂಕರ್ ನಿಲ್ಲುವ ಜಾಗದಲ್ಲಿ ಹದಿನೇಳರ ಹುಡುಗನೊಬ್ಬ ಇನ್ನೊಬ್ಬನ ಹೊಟ್ಟೆಗೆ ಚಾಕು ಹಾಕಿದ. ಇರಿತಕ್ಕೆ ಸಿಕ್ಕವನು ಬದುಕಿದ. ಹಿಡಿದು ಕೇಳಿದಾಗ ಹುಡುಗ ಹೇಳಿದ್ದು, "ಪಾಳಿ ಮುರದ. ಪರಸು ಅಣ್ಣಂದು ರೂಲ್ ಐತಿ." ಒಳಸಂಚಿನ ಆರೋಪದಲ್ಲಿ ಪರಸುವಿನ ಹೆಸರೂ ಸೇರಿತು. ಒಂಬತ್ತನೆಯ ಕೇಸು.

ಅವತ್ತು ಸಂಜೆ ನನ್ನ ಆಫೀಸಿಗೆ ಬಂದವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದ: "ಆ ಹುಡುಗನ ಮಾರಿನೂ ನೋಡಿಲ್ರಿ ನಾ. ಯಾರ ಮಗ ಅಂತನೂ ಗೊತ್ತಿಲ್ಲ. ನನ್ನ ಹೆಸರ್ಲೆ ಹೊಡದಾನ."

ಅವನಿಗೆ ಅಮೆರಿಕದ ಒಂದು ಸಂಗತಿ ಹೇಳಿದೆ. ಉಪದೇಶ ಮಾಡಬೇಕೆಂದು ಅಲ್ಲ. ಮೌನ ತುಂಬಲು ಏನೋ ಬೇಕಿತ್ತು. ಲಾಸ್ ಏಂಜಲೀಸ್ ನಗರದಲ್ಲಿ 1969ರ ಸುಮಾರಿಗೆ ರೇಮಂಡ್ ವಾಷಿಂಗ್ಟನ್ ಎಂಬ ಹದಿಹರೆಯದ ಹುಡುಗ ಓಣಿಯ ಹುಡುಗರನ್ನು ಕೂಡಿಸಿ ಗುಂಪೊಂದನ್ನು ಕಟ್ಟಿದ. ಅದು ಮುಂದೆ 'ಕ್ರಿಪ್ಸ್' ಎಂದು ಕುಖ್ಯಾತವಾಯಿತು. ಕಟ್ಟಿದವನ ಕೈಲಿ ಅದು ಉಳಿಯಲಿಲ್ಲ. 1979ರ ಆಗಸ್ಟಿನಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅವನನ್ನು ಬೀದಿಯಲ್ಲೇ ಗುಂಡಿಟ್ಟು ಕೊಂದರು. ಅವನ ಜೊತೆಗಾರನಾಗಿದ್ದ ಸ್ಟ್ಯಾನ್ಲಿ ವಿಲಿಯಮ್ಸ್ ಜೈಲಿನಲ್ಲಿ ಕೂತು, ಗುಂಪು ಕಟ್ಟಬೇಡಿ ಎಂದು ಮಕ್ಕಳಿಗೆ ಪುಸ್ತಕ ಬರೆದ. 2005ರ ಡಿಸೆಂಬರಿನಲ್ಲಿ ಅವನಿಗೆ ಮರಣದಂಡನೆಯಾಯಿತು. ಗುಂಪು ಇವತ್ತಿಗೂ ಇದೆ.

"ಮೊದಲನೇದಾಂವಗ ಯಾರ್ ಹೊಡದ್ರು?"

"ಸಿಕ್ಕೇ ಇಲ್ಲ."

"ಅವನ ಹುಡುಗ್ರೇ ಇರ್ಬೇಕು" ಅಂದ. ಅದಕ್ಕೆ ಪುರಾವೆ ಇಲ್ಲ ಎಂದೆ. ನನ್ನನ್ನು ಸಣ್ಣ ಮಗುವನ್ನು ನೋಡಿದಂತೆ ನೋಡಿದ.

ಗುಂಪನ್ನು ಹುಟ್ಟಿಸಿದವನಿಗೆ ಮೂರು ವಸ್ತುಗಳ ಮೇಲೆ ಹಿಡಿತ ಇರುತ್ತದೆ ಎಂದು ಈಗ ನನಗೆ ಅನ್ನಿಸುತ್ತದೆ: ಹುಡುಗರು, ರೊಕ್ಕ, ಹೆಸರು. ಹುಡುಗರು ದೊಡ್ಡವರಾಗಿ ಹೋಗುತ್ತಾರೆ. ರೊಕ್ಕ ಎಂದಿಗೂ ಸಾಲಿಗನದೇ. ಕೊನೆಗೆ ಉಳಿಯುವುದು ಹೆಸರು, ಅದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಂಡವರು ಮಾಡಿದ್ದರ ಬಿಲ್ಲು ಹಳೆಯ ವಿಳಾಸಕ್ಕೆ ಬರುತ್ತದೆ.

ಚಾಕು ಹಾಕಿದ ಹುಡುಗನ ವಿಚಾರಣೆ ಬಾಲನ್ಯಾಯ ಮಂಡಳಿಯಲ್ಲೇ ನಡೆಯಿತು. ಹದಿನಾರು ದಾಟಿದವರನ್ನು ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಿಸಲು 2015ರ ಕಾಯ್ದೆ ಅವಕಾಶ ಕೊಡುತ್ತದೆ. ಆದರೆ ಕನಿಷ್ಠ ಏಳು ವರ್ಷದ ಶಿಕ್ಷೆ ಎಂದು ಬರೆದಿರದ ಅಪರಾಧ ಆ ವರ್ಗಕ್ಕೆ ಸೇರುವುದಿಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು, 307ಕ್ಕೆ ಅಂಥ ಕನಿಷ್ಠ ಶಿಕ್ಷೆ ಇರಲಿಲ್ಲ. ಆ ಹುಡುಗನ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದನ್ನು ಕಾನೂನೂ ಒಪ್ಪುವುದಿಲ್ಲ, ನನಗೂ ಇಷ್ಟವಿಲ್ಲ.

ಒಂದು ಹಾಳೆ

ಆ ವಾರ ನಾವು ಮಾಡಿದ ಕೆಲಸ ತೀರ ಸಾದಾ. ಒಂದು ದೊಡ್ಡ ಹಾಳೆಯಲ್ಲಿ ಒಂಬತ್ತೂ ಕೇಸು ಬರೆದೆವು: ನ್ಯಾಯಾಲಯ, ಹಂತ, ಮುಂದಿನ ತಾರೀಖು, ರಾಜಿಯಾಗುವಂಥದ್ದೋ ಅಲ್ಲವೋ. ಒಂದು ಪ್ರತಿ ನನ್ನ ಬಳಿ, ಒಂದು ಅವನ ಹೆಂಡತಿಯ ಬಳಿ. ಅವನ ಬಳಿ ಇಡಬೇಡ ಎಂದವಳು ಅವಳೇ. ತಾರೀಖನ್ನು ನೆನಪಿಡುವ ಕೆಲಸ ಅವಳದಾಯಿತು, ಒಂದನ್ನೂ ತಪ್ಪಿಸಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ವ್ಯಕ್ತಿ ಯಾರೆಂದು ಕೇಳಿದರೆ ನಾನಲ್ಲ, ಪರಸುವೂ ಅಲ್ಲ.

ಬಿಟ್ಟಿದ್ದ ವಕಾಲತ್ತುಗಳನ್ನು ಒಂದೇ ಕೈಗೆ ತಂದೆವು. ಸಾಧ್ಯವಿದ್ದಲ್ಲಿ ಖುದ್ದು ಹಾಜರಿಯಿಂದ ವಿನಾಯಿತಿಗೆ ಅರ್ಜಿ ಹಾಕಿದೆವು. ಒಂದೇ ಆವರಣದ ಕೋರ್ಟುಗಳಿಗೆ, ತಾರೀಖುಗಳನ್ನು ಒಂದೇ ದಿನಕ್ಕೆ ಕೊಡಿ ಎಂದು ಕೈಮುಗಿದೆವು. ಕೆಲವರು ಕೊಟ್ಟರು. ಎರಡು ಹೊಡೆದಾಟದ ಕೇಸು ಲೋಕ ಅದಾಲತ್ತಿನಲ್ಲಿ ರಾಜಿಯಾದವು. ಮೂರನೆಯದರಲ್ಲಿ ಐಪಿಸಿ 324, ಅಂದರೆ ಆಯುಧದಿಂದ ಗಾಯ ಮಾಡಿದ ಆರೋಪ, ಇತ್ತು, ಅದು ಕೆಳಗಿನ ಕೋರ್ಟಿನಲ್ಲಿ ರಾಜಿಯಾಗುತ್ತಿರಲಿಲ್ಲ. ದೂರುದಾರ ಒಪ್ಪಿದ್ದರಿಂದ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಗಿ 2022ರಲ್ಲಿ ರದ್ದು ಮಾಡಿಸಿದೆವು. ಜೂಜಿಗೆ ದಂಡ ಕಟ್ಟಿದ. ಮುಚ್ಚಳಿಕೆಯದು ಅವಧಿ ಮುಗಿದು ತಾನೇ ಬಿದ್ದುಹೋಯಿತು. ತಲವಾರಿನ ಕೇಸು ಪಂಚನಾಮೆಯಲ್ಲೇ ಸತ್ತಿತ್ತು: ಒಂಬತ್ತು ಇಂಚಿಗಿಂತ ಉದ್ದ ಎಂದು ತೋರಿಸಬೇಕಾದ ಅಲಗಿನ ಅಳತೆಯನ್ನೇ ಯಾರೂ ಬರೆದಿರಲಿಲ್ಲ. ಒಳಸಂಚಿನ ಆರೋಪದಿಂದ 2021ರಲ್ಲಿ ಕೈಬಿಟ್ಟರು.

ನಡುವೆ ಕೊರೊನಾ ಬಂತು. 2020ರ ಮಾರ್ಚ್ 25ರಿಂದ ಲಾಕ್‌ಡೌನ್. ತುರ್ತು ಕೆಲಸ ಬಿಟ್ಟು ಕೋರ್ಟುಗಳು ಬಂದ್. ಜಗತ್ತಿಗೆಲ್ಲ ಕೆಟ್ಟ ಕಾಲವಾದದ್ದು ಇವನಿಗೆ ವಯಸ್ಸಿಗೆ ಬಂದಮೇಲೆ ಸಿಕ್ಕ ತಾರೀಖಿಲ್ಲದ ಮೊದಲ ಬೇಸಿಗೆಯಾಯಿತು. ಬೀದಿಯೇ ಖಾಲಿಯಾದಾಗ ಬೀದಿಯ ಗುಂಪಿಗೆ ನಿಲ್ಲಲು ಜಾಗವಿರಲಿಲ್ಲ. ನೀರಿನ ಗುತ್ತಿಗೆದಾರನೊಬ್ಬನಿಗೆ ಟ್ಯಾಂಕರ್ ಓಡಿಸುವವರು ಬೇಕಿದ್ದರು, ಇವನ ಬಳಿ ಹೆವಿ ಲೈಸೆನ್ಸ್ ಇತ್ತು. ಇದನ್ನು ಯಾರೂ ಯೋಜಿಸಿದ್ದಲ್ಲ. ಇಂಥ ಪ್ರಕರಣಗಳ ವರದಿಗಳಲ್ಲಿ 'ಮಧ್ಯಪ್ರವೇಶದ ಫಲ' ಎಂದು ಬರೆಯುವ ರೂಢಿ ಇದೆ. ಇಲ್ಲಿ ಅರ್ಧ ಫಲ ವೈರಾಣುವಿನದು.

ಎರಡು ತೀರ್ಪು

ಉಳಿದದ್ದು 307 ಮತ್ತು ಸುಲಿಗೆ. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

307ರಲ್ಲಿ 2021ರ ಕೊನೆಗೆ ಅವನು ಖುಲಾಸೆಯಾದ. ಸಾಕ್ಷಿಗಳು ತಿರುಗಿಬಿದ್ದರು. ಬೆರಳು ಕಳೆದುಕೊಂಡವನೇ ಕಟಕಟೆಯಲ್ಲಿ ನಿಂತು, ಕತ್ತಲಿತ್ತು, ಗುರುತು ಸಿಗಲಿಲ್ಲ ಎಂದ. ಹೇಳುವಾಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ನಾನು ಪಾಟಿ ಸವಾಲಿನಲ್ಲಿ ಎರಡೇ ಪ್ರಶ್ನೆ ಕೇಳಿ ಕೂತೆ. ಪರಸು ಅವನನ್ನು ಹೆದರಿಸಿರಲಿಲ್ಲ ಎಂದು ನಾನು ನಂಬುತ್ತೇನೆ. ಹೆದರಿಸುವ ಅಗತ್ಯವೇ ಇರಲಿಲ್ಲ, ಹೆಸರು ಆ ಕೆಲಸ ಮಾಡಿತ್ತು. ಸಂತ್ರಸ್ತರ ಪರಿಹಾರ ಯೋಜನೆಯಡಿ ಅವನು ಅರ್ಜಿ ಹಾಕಲು ಬೇರೆ ವಕೀಲರ ಮೂಲಕ ವ್ಯವಸ್ಥೆ ಮಾಡಿಸಿದೆ. ಅದು ನನ್ನ ಸಮಾಧಾನಕ್ಕೆ ಎನ್ನುವುದೂ ಗೊತ್ತಿದೆ. ಆಮೇಲೆ ಪರಸು ಅವನನ್ನು ಕಾಣಬೇಕೆಂದು ಎರಡು ಸಲ ಹೇಳಿ ಕಳಿಸಿದ. ಅವನು ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ.

ಸುಲಿಗೆಯದು 2022ರಲ್ಲಿ ವಿಚಾರಣೆಗೆ ಬಂತು. ದೂರುದಾರ ಒಬ್ಬ ಕಿರಾಣಿ ಅಂಗಡಿಯವ. ಪುರಾವೆ ಸಡಿಲವಾಗಿತ್ತು, ಗೆಲ್ಲಬಹುದು ಎಂದೆ. ಪರಸು ತಲೆ ಅಲ್ಲಾಡಿಸಿದ. "ಇದನ್ನ ನಾ ಮಾಡೀನ್ರಿ." 307 ಕೂಡ ನೀನೇ ಮಾಡಿದ್ದಲ್ಲವೇ ಎಂದು ಕೇಳಲು ನನಗೆ ಬಾಯಿ ಬಂತು, ಕೇಳಿದೆ. "ಅದಕ್ಕ ಹತ್ತ ವರ್ಷ ಕೊಡ್ತಿದ್ರು. ಇದಕ್ಕ ಧೈರ್ಯ ಸಾಲ್ತದ" ಎಂದ. ಇಷ್ಟು ನೇರವಾದ ಉತ್ತರವನ್ನು ಕಕ್ಷಿದಾರನಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ತಪ್ಪೊಪ್ಪಿಕೊಂಡ. ನ್ಯಾಯಾಲಯ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎರಡು ವರ್ಷದ ಬಾಂಡ್ ಬರೆಸಿಕೊಂಡು ಬಿಟ್ಟಿತು, ಅಂಗಡಿಯವನಿಗೆ ಪರಿಹಾರ ಕೊಡಬೇಕೆಂದಿತು. ಪರಿಹಾರವನ್ನು ಕಂತಿನಲ್ಲಿ ಕಟ್ಟಿ ತೀರಿಸಿದ. ಕೊನೆಯ ಕಂತಿನ ದಿನ ಅಂಗಡಿಯವ ಅವನಿಗೆ ಒಂದು ಕಿಲೊ ಸಕ್ಕರೆ ಕಟ್ಟಿಕೊಟ್ಟು, ರೊಕ್ಕ ತಗೊಂಡೇ ಕೊಟ್ಟನಂತೆ. ಪರಸು ಇದನ್ನು ನಗುತ್ತ ಹೇಳಿದ.

ರೌಡಿ ಶೀಟ್ ಮುಚ್ಚಲು ಅರ್ಜಿ ಹಾಕಿದಾಗ ಬಂದ ಉತ್ತರದಲ್ಲಿ ಅಡ್ಡಿಯಾಗಿ ತೋರಿಸಿದ್ದು ಇದೇ ಶಿಕ್ಷೆಯನ್ನು. ಸಾಕ್ಷಿ ತಿರುಗಿ ಖುಲಾಸೆಯಾದ 307 ಅವನಿಗೆ ತೊಡಕಾಗಲಿಲ್ಲ. ಒಪ್ಪಿಕೊಂಡದ್ದು ತೊಡಕಾಯಿತು.

ಬ್ಯಾನರು

ಕೇಸು ಮುಗಿಸುವುದಕ್ಕಿಂತ ಕಠಿಣವಾದದ್ದು ಹೆಸರನ್ನು ಹಿಂದಕ್ಕೆ ಪಡೆಯುವುದು. ಕೊರೊನಾ ನಿರ್ಬಂಧ ಮುಗಿದ ಮೇಲೆ, 2022ರ ಗಣಪತಿ ಹಬ್ಬ ಜೋರಾಗಿತ್ತು. ಪೆಂಡಾಲಿನ ಬ್ಯಾನರಿನ ಮೇಲೆ ಗುಂಪಿನ ಹೆಸರು, ನಡುವೆ ಅವನ ಹತ್ತು ವರ್ಷದ ಹಿಂದಿನ ಫೋಟೊ. ಒಬ್ಬನೇ ಹೋಗಿ ಕೆಳಗಿಳಿಸಿ ಎಂದ. ಅದಕ್ಕೆ ಮೊದಲು ನನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಒಬ್ಬನೇ ಹೋಗುವುದಂತೂ ಬೇಡವೇ ಬೇಡ. ಹುಡುಗರಲ್ಲಿ ಹೆಚ್ಚಿನವರು ಅವನನ್ನು ಫೋಟೊದಲ್ಲಷ್ಟೇ ಕಂಡವರು. ಒಬ್ಬ ಕೇಳಿದನಂತೆ, "ನೀ ಯಾರು?"

ಏಟು ಬಿತ್ತು. ಹುಬ್ಬಿನ ಮೇಲೆ ಏಳು ಹೊಲಿಗೆ. ದೂರು ಕೊಡಬೇಕೋ ಬೇಡವೋ ಎಂದು ಆಸ್ಪತ್ರೆಯ ವರಾಂಡದಲ್ಲಿ ಎರಡು ತಾಸು ಚರ್ಚೆ. ದೂರು ಕೊಡು ಎಂದದ್ದು ನಾನು. ಕೊಟ್ಟರೆ ಆರೇಳು ಹುಡುಗರ ಮೇಲೆ ಮೊದಲ ಕೇಸು ಬೀಳುತ್ತದೆ, ಮೊದಲ ಕೇಸು ಅಂದರೆ ಏನೆಂದು ನಿಮಗೇನು ಗೊತ್ತು ಎಂದದ್ದು ಅವನು. ಕೊಡಲಿಲ್ಲ. ಅವನ ನಿರ್ಧಾರ ಸರಿಯೆಂದು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆ ಹುಡುಗರಲ್ಲಿ ಇಬ್ಬರು ಮರುವರ್ಷವೇ ಇನ್ನೊಬ್ಬರ ಮೇಲೆ ಕೈಮಾಡಿ ಒಳಗೆ ಹೋದರು. ಒಬ್ಬನು ಮಾತ್ರ ಪರಸುವಿನ ಜೊತೆ ಟ್ಯಾಂಕರಿನಲ್ಲಿ ಕ್ಲೀನರಾಗಿ ಕೂತ.

ಬ್ಯಾನರು ಮರುವರ್ಷ ಬದಲಾಯಿತು. ಹೊಸ ಹೆಸರು, ಹೊಸ ಫೋಟೊ. ಅವನ ಹೆಸರನ್ನು ಅವರು ಬಿಟ್ಟರು, ಗುಂಪನ್ನು ಬಿಡಲಿಲ್ಲ. ಸಾಲಿಗನಿಗೆ ಈಗಲೂ ಹುಡುಗರು ಸಿಗುತ್ತಾರೆ. ಓಣಿಯಲ್ಲಿ ಈಗ ಮನೆಮನೆಗೆ ನಳ ಇದೆ, ರಾತ್ರಿ ಎರಡಕ್ಕೆ ಕೊಡ ಹಿಡಿದು ಯಾರೂ ಕೂಡುವುದಿಲ್ಲ. ಹುಡುಗರು ಸೇರಲು ಜಿಮ್ಮು ಸಾಕು, ಮೊಬೈಲು ಸಾಕು.

ಇಂಥ ಇನ್ನೊಂದು ಪ್ರಕರಣ ಬಂದರೆ ನಾನು ಮೊದಲ ದಿನವೇ ಆ ಹಾಳೆ ಬರೆಯುತ್ತೇನೆ, ಎರಡು ವರ್ಷ ಕಾಯುವುದಿಲ್ಲ. ಗಡಿಪಾರಿನ ನೋಟಿಸ್ ಬಂದಾಗ ವಿಚಾರಣೆಯಲ್ಲಿ ಗಟ್ಟಿಯಾಗಿ ವಿರೋಧಿಸುತ್ತೇನೆ. ಅವತ್ತು ಅದನ್ನು ವಾಡಿಕೆಯ ಕಾಗದ ಎಂದು ಹಗುರವಾಗಿ ತೆಗೆದುಕೊಂಡಿದ್ದೆ. ಮತ್ತು ಹೆಂಡತಿಯನ್ನು ಮೊದಲೇ ಕೂಡಿಸಿಕೊಂಡು ಮಾತಾಡುತ್ತೇನೆ.

2024ರ ಮೇ 7ಕ್ಕೆ ನಮ್ಮಲ್ಲಿ ಲೋಕಸಭಾ ಮತದಾನ. ಅದಕ್ಕೂ ಮೊದಲು, ಏಪ್ರಿಲಿನ ಒಂದು ಬೆಳಗ್ಗೆ, ಠಾಣೆಯಿಂದ ಎಂದಿನಂತೆ ಕರೆ ಬಂತು. ನಾನೂ ಜೊತೆಗೆ ಹೋದೆ. ಪರಸು ಟ್ಯಾಂಕರನ್ನು ಠಾಣೆಯ ಗೋಡೆಯ ನೆರಳಿಗೆ ನಿಲ್ಲಿಸಿ ಇಳಿದ. ಅಂಗಳದಲ್ಲಿ ಇಪ್ಪತ್ತು ಮಂದಿ ಇದ್ದಿರಬಹುದು, ಅರ್ಧಕ್ಕರ್ಧ ಮೀಸೆ ಮೂಡದವರು. ಒಬ್ಬ ಹುಡುಗ ಮುಂದೆ ನುಗ್ಗಲು ಹೋದ.

"ಏಯ್, ಪಾಳಿ ಹಚ್ಚಿ ನಿಲ್ರಲೇ" ಎಂದು ಹವಾಲ್ದಾರ್ ಕೂಗಿದ.

ಪರಸು ಹೋಗಿ ಕೊನೆಯಲ್ಲಿ ನಿಂತ. ಸಹಿ ಮಾಡಿ ಬರಲು ಒಂದೂವರೆ ತಾಸು ಹಿಡಿಯಿತು. ಅಷ್ಟು ಹೊತ್ತೂ ಟ್ಯಾಂಕರಿನ ವಾಲ್ವಿನಿಂದ ನೀರು ಹನಿಯುತ್ತಲೇ ಇತ್ತು, ಕ್ಲೀನರ್ ಹುಡುಗ ಅದರ ಕೆಳಗೆ ಒಂದು ಬಕೆಟ್ ಇಟ್ಟ.